ಮಗುವಿನ ಗುಟ್ಟು ಯಾರಿಗೆ ಗೊತ್ತಿರಬೇಕು? ಒಂದೇ ಕಥೆ, ಮೂರು ಬಗೆ

ಬಿಟ್ಟುಹೋದವನು ವಾಪಸ್ಸು ಬರುತ್ತಾನೆ. ಅವನಿಗೆ ಗೊತ್ತೇ ಇಲ್ಲದ ಅವನ ಮಗು ಅಂಗಳದಲ್ಲಿ ಆಡುತ್ತಿರುತ್ತದೆ. ಎರಡು ಮನೆಗಳ ಮಾನ ಬೀದಿಗೆ ಬರುತ್ತದೆ. ಧಾರಾವಾಹಿ ಬರೆಯುವವರಿಗೆ ಇದು ಹಳೇ ಸರಕು, ಇವತ್ತಿಗೂ ಖರ್ಚಾಗುತ್ತದೆ. ಕೆಡುವುದು ಹೆಚ್ಚಾಗಿ ಒಂದೇ ಕಡೆ: ಗುಟ್ಟನ್ನು ಯಾರಿಂದ ಮುಚ್ಚಿಡಬೇಕು ಎಂಬಲ್ಲಿ. ಶಿಡ್ಲಘಟ್ಟ ಕಡೆಯ ರೇಷ್ಮೆ ಸಾಕುವ ಮನೆಯೊಂದನ್ನು ಇಟ್ಟುಕೊಂಡು, ಶೈಲಜಾ ಮತ್ತು ಮಂಜುನಾಥನ ಒಂದೇ ಕಥೆಯನ್ನು ಇಪ್ಪತ್ತು ಕಂತಿನ ಲೆಕ್ಕದಲ್ಲಿ ಮೂರು ಬಗೆಯಾಗಿ ಬರೆದು ನೋಡಿದ ಹೋಲಿಕೆ ಇದು.

ಮೊದಲ ಬಗೆಯಲ್ಲಿ ಓದುಗರಿಗೂ ಗೊತ್ತಿಲ್ಲ, ನಾಯಕನಿಗೂ ಗೊತ್ತಿಲ್ಲ. ಬರೆಯಲು ಹೊರಟಾಗ ಇದೇ ಸುಲಭ ಅನ್ನಿಸುತ್ತದೆ, ಮೂರನೇ ಕಂತಿಗೆ ಕೈ ಕಟ್ಟಿಹಾಕುತ್ತದೆ. ಶೈಲಜಾಳ ಮನಸ್ಸಿನೊಳಗೆ ಹೋಗುವಂತಿಲ್ಲ. ಮಗಳಿಗೆ ಜಡೆ ಹಾಕುವಾಗ ಅವಳಿಗೆ ಮಂಜುನಾಥನ ನೆನಪೇ ಬರಲಿಲ್ಲ ಅಂದರೆ ಅದು ಮೋಸ, ಬಂತು ಅಂದರೆ ಗುಟ್ಟು ಬಯಲು. ಅಷ್ಟರಲ್ಲಿ ಓದುಗರು ಹೇಗೂ ಊಹಿಸಿಬಿಟ್ಟಿರುತ್ತಾರೆ, ಆಮೇಲೆ ಕೊಡುವ ಪ್ರತಿ ಸುಳಿವೂ ಅವರಿಗೆ ಕಿರಿಕಿರಿ. ಪೂರ್ತಿ ನಾಯಕನ ಕಡೆಯಿಂದಲೇ ಹೇಳುವ, ನಾಲ್ಕೈದು ಕಂತಿನ ಕಥೆಗಾದರೆ ಸರಿ. ಅದಕ್ಕಿಂತ ಉದ್ದಕ್ಕೆ ಬೇಡ.

ಎರಡನೆಯದರಲ್ಲಿ ಓದುಗರಿಗೆ ಮೊದಲ ಕಂತಿನಲ್ಲೇ ಗೊತ್ತು, ಅವನಿಗೆ ಮಾತ್ರ ಇಲ್ಲ. ರೇಷ್ಮೆ ಮನೆ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲೇ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಏಳೆಂಟು ದಿನ ಸೊಪ್ಪು ತಿನ್ನುತ್ತಲೇ ಇರುತ್ತವೆ. ಆ ದಿನಗಳಲ್ಲಿ ಮನೆಯವರು ಯಾರೂ ಊರು ಬಿಡುವಂತಿಲ್ಲ. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ತಟ್ಟಿಗೆ, ಬಿಡುವ ದಿನವಂತೂ ಎಷ್ಟು ಕೈ ಇದ್ದರೂ ಸಾಲದು. ಶೈಲಜಾ ತಪ್ಪಿಸಿಕೊಂಡು ಹೋಗಲಾರಳು, ಅವನನ್ನು ಕೆಲಸಕ್ಕೆ ಕರೆಯದೆ ವಿಧಿಯಿಲ್ಲ. ಮಳೆಗೆ ಸಿಕ್ಕಿಹಾಕಿಕೊಂಡರು, ಬಸ್ಸು ಕೆಟ್ಟಿತು ಎಂಬ ನೆಪಗಳೇ ಬೇಕಾಗಲಿಲ್ಲ. ಅವರ ಮೊದಲ ಭೇಟಿಯೂ ಅಲ್ಲೇ:

"ಯಾರಪ್ಪಾ ಅದು? ಕೈಕಾಲು ತೊಳ್ಕೊಳ್ದೆ ಒಳಗೆ ಬರ್ಬೇಡ, ಹುಳಾ ಜ್ವರ ಎದ್ದವೆ," ಎಂದಳು ಅಜ್ಜಿ. ಅವನು ಹುಳುಮನೆಯ ಬಾಗಿಲಲ್ಲೇ ನಿಂತ. ಹುಳು ಕೊಲ್ಲುವ ಊಜಿ ನೊಣ ಬಾರದಂತೆ ಕಟ್ಟಿದ ನೈಲಾನ್ ಪರದೆಯ ಆಚೆ, ಮುಂದಿನ ಹಲ್ಲು ಬಿದ್ದ ಹುಡುಗಿಯೊಂದು ಸೊಪ್ಪಿನ ಕಡ್ಡಿ ಹಿಡಿದು ಅವನನ್ನೇ ನೋಡುತ್ತಿತ್ತು. "ನಿಮ್ಮ ಹೆಸರೇನು?" ಎಂದು ಅದೇ ಮೊದಲು ಕೇಳಿತು.

ಅವನಿಗೆ ಏನೂ ಗೊತ್ತಿಲ್ಲ, ನಮಗೆಲ್ಲ ಗೊತ್ತು. ಮೊದಲ ಬಗೆಯಲ್ಲಿ ಇದೇ ದೃಶ್ಯ ಬರೀ ಪರಿಚಯವಾಗಿ ಉಳಿದಿತ್ತು.

ಮೂರನೆಯದರಲ್ಲಿ ಊರಿಗೆಲ್ಲ ಗೊತ್ತು, ಅವನೊಬ್ಬನಿಗೇ ಇಲ್ಲ. ಮೂರರಲ್ಲಿ ಹೆಚ್ಚು ರುಚಿ ಇದರದ್ದೇ, ಅಪಾಯವೂ ಇದರದ್ದೇ. ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರು, ಟೀ ಅಂಗಡಿಯವನು, ಮೇಷ್ಟ್ರು, ಎಲ್ಲರೂ ಅರ್ಧ ಮಾತಾಡಿ ಸುಮ್ಮನಾಗುತ್ತಾರೆ. ನಾಲ್ಕು ಕಂತು ಚೆಂದ, ಎಂಟನೆಯದರಲ್ಲಿ ಮಂಜುನಾಥ ಪೆದ್ದನಂತೆ ಕಾಣತೊಡಗುತ್ತಾನೆ. ಅವನ ಮುಂದೆ ಗುಟ್ಟು ಮಾತಾಡಲು ಹೆಂಗಸರು ತೆಲುಗಿಗೆ ತಿರುಗುವ ಉಪಾಯ ಈ ಸೀಮೆಯಲ್ಲಿ ನಡೆಯುವುದಿಲ್ಲ. ಶಿಡ್ಲಘಟ್ಟದಲ್ಲಿ ಬೆಳೆದವನಿಗೆ ತೆಲುಗು ಬಾರದಿರುತ್ತದೆಯೇ! ಹತ್ತು ಕಂತಿನೊಳಗೆ ಗುಟ್ಟು ಒಡೆಯುವ ಧೈರ್ಯವಿದ್ದರೆ ಇದನ್ನು ಹಿಡಿಯಿರಿ, ಇಲ್ಲವಾದರೆ ಎರಡನೆಯದೇ ಲೇಸು.

ಯಾವ ಬಗೆ ಹಿಡಿದರೂ ವಯಸ್ಸಿನ ಲೆಕ್ಕ ತಪ್ಪಬಾರದು. "ಏಳು ವರ್ಷದ ಹಿಂದೆ ಬಿಟ್ಟುಹೋದ, ಏಳು ವರ್ಷದ ಮಗಳು" ಎಂದು ಬರೆದುಬಿಡುವವರು ಬಹಳ. ಒಂಬತ್ತು ತಿಂಗಳು ಕಳೆಯಬೇಡವೇ? 2017ರ ಏಪ್ರಿಲ್‌ನಲ್ಲಿ ಬೇರೆಯಾದರೆ ಮಗು 2018ರ ಜನವರಿಯದು. 2024ರ ಜೂನ್‌ನಲ್ಲಿ ಅದಕ್ಕೆ ಆರು ವರ್ಷ ಐದು ತಿಂಗಳು, ಒಂದನೇ ಕ್ಲಾಸು, ಹಲ್ಲು ಬೀಳುವ ವಯಸ್ಸು.

ಅವಳು ಯಾಕೆ ಹೇಳಲಿಲ್ಲ ಎಂಬುದಕ್ಕೂ ಎರಡು ಕಾರಣ ಇಟ್ಟು ನೋಡಿದ್ದಾಯಿತು. ಫೋನ್ ನಂಬರ್ ಸಿಗಲಿಲ್ಲ ಎಂಬುದು 2017ರ ಕಥೆಗೆ ನಿಲ್ಲುವುದಿಲ್ಲ, ಆಗಲೇ ವಾಟ್ಸ್ಆ್ಯಪ್ ಊರೂರಿಗೂ ಬಂದಿತ್ತು. ಅವಳು ಹೇಳಿದ್ದಳು, ಆದರೆ ಅವನ ದೊಡ್ಡಪ್ಪನಿಗೆ, ಅವರು ದಾಟಿಸಲಿಲ್ಲ: ಇದು ನಿಲ್ಲುತ್ತದೆ. ಓದುಗರ ಸಿಟ್ಟು ಶೈಲಜಾಳ ಮೇಲಿಂದ ಆ ಮನೆಯ ಮೇಲೆ ತಿರುಗುತ್ತದೆ. ದೊಡ್ಡಪ್ಪ ಮುಚ್ಚಿಟ್ಟಿದ್ದಕ್ಕೆ ಬರೀ ಮಾನ ಸಾಲದು, ಜಮೀನೂ ಬೇಕು. ಇಲ್ಲಿ ಕಾನೂನು ನೋಡಿ ಬರೆಯಿರಿ. ಹಿಂದೂ ಮದುವೆ ಕಾನೂನಿನ ಪ್ರಕಾರ ಅಸಿಂಧುವಾದ ಮದುವೆಯ ಮಕ್ಕಳಿಗೂ, ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವುದರಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಮದುವೆಯೇ ಆಗಿರದಿದ್ದರೆ ಈ ದಾರಿಯಿಲ್ಲ. ಆದ್ದರಿಂದ ಗುಡಿಯಲ್ಲಿ ಗುಟ್ಟಾಗಿ ಮದುವೆ ಮಾಡಿಸಿ, ಅದು ನಡೆದೇ ಇಲ್ಲ ಎಂದು ದೊಡ್ಡಪ್ಪನಿಂದ ವಾದ ಮಾಡಿಸಿದರೆ ಜಗಳಕ್ಕೆ ತೂಕ ಬರುತ್ತದೆ.

ಶೈಲಜಾಳಿಗೆ ಬೇರೆಯವನ ಜೊತೆ ಮದುವೆ ಮಾಡಿಸಿ, ಹದಿನೆಂಟನೇ ಕಂತಿನಲ್ಲಿ ಡಿಎನ್‌ಎ ವರದಿ ತರಿಸಿ ಎಲ್ಲ ಮುಗಿಸುವುದು ಇನ್ನೊಂದು ಚಾಳಿ. ಮದುವೆ ಊರ್ಜಿತದಲ್ಲಿದ್ದಾಗ, ಅಥವಾ ಅದು ಮುರಿದ 280 ದಿನದೊಳಗೆ ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದ ಮಗುವನ್ನು ಕಾನೂನು ಗಂಡನದೆಂದೇ ಎಣಿಸುತ್ತದೆ. ಆ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಬೇರೆ ಮಾತು. ವರದಿ ಬಂದಾಕ್ಷಣ ಮಗು ಮಂಜುನಾಥನ ಕೈಗೆ ಬರುವುದಿಲ್ಲ.

ಗುಟ್ಟು ಒಡೆಯುವುದಕ್ಕೆ ಕೆನ್ನೆಯ ಗುಳಿ, ಜನನ ಪ್ರಮಾಣಪತ್ರ, ಹಿರಿಯರ ಬಾಯಿ, ಮೂರನ್ನೂ ಇಟ್ಟು ನೋಡಿದ್ದಾಯಿತು. ಗುಳಿ ಸವೆದುಹೋದ ನಾಣ್ಯ. ಪ್ರಮಾಣಪತ್ರದಲ್ಲಿ ಅವನ ಹೆಸರಿದ್ದರೆ ಶಾಲೆಯ ಗುಮಾಸ್ತರಿಗೆ ಮೊದಲೇ ಗೊತ್ತಿರಬೇಕಿತ್ತು. ತಂದೆಯ ಕಾಲಂ ಖಾಲಿ ಇಡುವುದೇ ಸರಿ. ಖಾಲಿ ಕಾಲಂ ನೋಡಿದ ಮಂಜುನಾಥ ಹುಟ್ಟಿದ ತಾರೀಖಿನಿಂದ ಹಿಂದಕ್ಕೆ ಬೆರಳು ಮಡಿಸಿ ಎಣಿಸಲಿ. ಮಿಕ್ಕಿದ್ದನ್ನು ದೊಡ್ಡಪ್ಪನೇ ಹೇಳಲಿ, ಚಂದ್ರಿಕೆಗೆ ಹುಳು ಬಿಡುವ ದಿನ, ಕೈ ತುಂಬ ಕೆಲಸವಿದ್ದು ಯಾರೂ ಎದ್ದು ಹೋಗಲಾಗದ ಹೊತ್ತಿನಲ್ಲಿ.