ಒಂದು ವರ್ಷದ ಸೋಲಾರ್: ಬಿಲ್ ಇಳಿಯಿತು, ಸೊನ್ನೆಯಾಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ‘ಜೀರೋ ಬಿಲ್’ ಅಂತ ಸೋಲಾರ್ ಮಾರುವವರು ಹೇಳುತ್ತಾರಲ್ಲ, ಅದನ್ನು ನಂಬಬೇಡಿ. ನಮ್ಮ ಮನೆ ಮೇಲೆ ಪ್ಯಾನೆಲ್ ಕೂತು ಒಂದು ವರ್ಷವಾಯಿತು, ಒಂದು ತಿಂಗಳೂ ಬಿಲ್ ಸೊನ್ನೆ ಬಂದಿಲ್ಲ. ಆದರೂ ಹಾಕಿಸಿದ್ದಕ್ಕೆ ಬೇಜಾರಿಲ್ಲ. ಬೇಜಾರೇನಿದ್ದರೂ ಹಾಕಿದವರ ಮೇಲೆ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ವಿದ್ಯಾರಣ್ಯಪುರದಲ್ಲಿ ಥರ್ಟಿ ಫಾರ್ಟಿ ಸೈಟು. ಕೆಳಗೆ ಬಾಡಿಗೆಯವರು, ಅವರ ಮೀಟರ್ ಬೇರೆ. ಮೇಲೆ ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. 2024ರ ಬೇಸಿಗೆ ನೆನಪಿದೆ ಅಲ್ವಾ? ನೀರಿನ ಟ್ಯಾಂಕರ್‌ಗೆ ಕಾದು ಕಾದು ಸಾಕಾದ ವರ್ಷ. ಏಪ್ರಿಲ್‌ನಲ್ಲಿ ಬೆಂಗಳೂರಲ್ಲೂ 38 ಡಿಗ್ರಿ ದಾಟಿತ್ತು. ಎಸಿ ಬೇಡವೇ ಬೇಡ ಅನ್ನುತ್ತಿದ್ದ ಅತ್ತೆಯೇ ‘ಹಾಕಿಸಿಬಿಡ್ರಪ್ಪ’ ಅಂದರು. ಅದೇ ವರ್ಷ ಎಲೆಕ್ಟ್ರಿಕ್ ಸ್ಕೂಟರ್ ಬಂತು. ತಿಂಗಳಿಗೆ ಇನ್ನೂರೈವತ್ತು ಯೂನಿಟ್ ಇದ್ದದ್ದು ಮುನ್ನೂರೈವತ್ತಾಯಿತು, ಮೇ ತಿಂಗಳಲ್ಲಿ ₹3,100 ಬಿಲ್ ನೋಡಿ ಯಜಮಾನರು ಎಸಿ ರಿಮೋಟ್ ತೆಗೆದು ಬೀರುವಿನಲ್ಲಿಟ್ಟರು.

ಗೃಹಜ್ಯೋತಿ ನಮಗೆ ಆಗಿಬರುವುದಿಲ್ಲ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಲ್ಲೇ ಒಂದು ಮಾತು. ನಿಮ್ಮ ಮನೆಯಲ್ಲಿ ಬಳಕೆ 200ರ ಒಳಗಿದ್ದು ಗೃಹಜ್ಯೋತಿ ಸಿಗುತ್ತಿದ್ದರೆ ಸೋಲಾರ್ ತಂಟೆಗೆ ಹೋಗಬೇಡಿ. ನನ್ನ ನಾದಿನಿ ರಾಜಾಜಿನಗರದಲ್ಲಿದ್ದಾಳೆ, ಅವಳ ಬಿಲ್ ಈಗಲೇ ಸೊನ್ನೆ. ನಮ್ಮದನ್ನು ನೋಡಿ ತಾನೂ ಹಾಕಿಸುತ್ತೇನೆ ಅಂದಳು. ಬರದಿರುವ ಬಿಲ್ಲನ್ನು ಉಳಿಸಲು ಒಂದೂವರೆ ಲಕ್ಷ ಯಾಕಮ್ಮ ಸುರೀತೀಯಾ ಅಂದೆ.

ನಾವು ಹಾಕಿಸಿದ್ದು 540 ವ್ಯಾಟ್‌ನ ಆರು ಪ್ಯಾನೆಲ್, ಅಂದರೆ 3.24 ಕಿಲೋವ್ಯಾಟ್. ಕೊಟ್ಟದ್ದು ₹2,30,000. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ₹78,000 ಸಬ್ಸಿಡಿ ವಾಪಸ್ ಬಂತು. ಅದರ ಲೆಕ್ಕ ಸುಲಭ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000. ಅಲ್ಲಿಗೆ ಮುಗಿಯಿತು, ಐದು ಕಿಲೋವ್ಯಾಟ್ ಹಾಕಿದರೂ ₹78,000 ಅಷ್ಟೇ. ಈ ದುಡ್ಡು ಮೊದಲೇ ಕೈಗೆ ಬರುವುದಿಲ್ಲ. ಪೂರ್ತಿ ನಾವೇ ಕೊಟ್ಟು, ನೆಟ್ ಮೀಟರ್ (ಲೈನಿಗೆ ನಾವು ಕೊಟ್ಟ ಕರೆಂಟು, ಲೈನಿನಿಂದ ತೆಗೆದುಕೊಂಡ ಕರೆಂಟು ಎರಡನ್ನೂ ಬೇರೆ ಬೇರೆ ಎಣಿಸುವ ಮೀಟರ್) ಎಲ್ಲ ಆದ ಮೇಲೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ನಾವು ಚೀಟಿ ಎತ್ತಿದ ದುಡ್ಡಲ್ಲಿ ಮಾಡಿದೆವು. ಬ್ಯಾಂಕಿನಲ್ಲಿ ಅಡಮಾನವಿಲ್ಲದೆ ಸಾಲವೂ ಕೊಡುತ್ತಾರೆ.

₹2,30,000ದಲ್ಲಿ ₹25,000 ಅತ್ತೆಯ ಸಂಡಿಗೆ ಖಾತೆಗೆ. ನಗಬೇಡಿ. ಟೆರೇಸ್‌ನಲ್ಲಿ ಈಗಾಗಲೇ ಸಿಂಟೆಕ್ಸ್ ಇದೆ, ಬಿಸಿನೀರಿನ ಸೋಲಾರ್ ಇದೆ, ಬಟ್ಟೆ ಒಣಗಿಸುವ ತಂತಿ ಇದೆ. ಒಂದು ಕಿಲೋವ್ಯಾಟ್‌ಗೆ ನೂರು ಚದರ ಅಡಿ ಹತ್ತಿರ ಜಾಗ ಬೇಕು, ಮೂರಕ್ಕೆ ಮುನ್ನೂರು. ಮಾಮೂಲಿ ಸ್ಟ್ಯಾಂಡ್ ಆದರೆ ಪ್ಯಾನೆಲ್ ಮೊಣಕಾಲೆತ್ತರಕ್ಕೆ ಬಂದು ಅಷ್ಟು ಜಾಗವೂ ಹೋಗುತ್ತದೆ. ‘ಬೇಸಿಗೇಲಿ ನಾನು ಸಂಡಿಗೆ ಎಲ್ಲಿಡಲಿ, ನಿಮ್ಮ ಬೆಡ್‌ರೂಮಲ್ಲಾ?’ ಅಂದರು ಅತ್ತೆ. ಹಾಗಾಗಿ ಎಂಟಡಿ ಎತ್ತರಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಹಾಕಿಸಿದೆವು. ಇಡೀ ಖರ್ಚಿನಲ್ಲಿ ನಾನು ಅತಿ ಖುಷಿಯಿಂದ ಕೊಟ್ಟ ದುಡ್ಡು ಅದು. ಈಗ ಅಡಿಯಲ್ಲಿ ನೆರಳು, ಸಂಜೆ ಮಕ್ಕಳು ಅಲ್ಲೇ ಕೂತು ಓದುತ್ತಾರೆ, ಸಂಡಿಗೆ ಪಕ್ಕದ ಬಿಸಿಲಲ್ಲಿ. ಆದರೆ ಎತ್ತರಕ್ಕೆ ಹಾಕಿಸುವವರು ಕಂಬದ ಬುಡಕ್ಕೆ ಎಷ್ಟು ಕಾಂಕ್ರೀಟ್ ಹಾಕುತ್ತಾರೆ ಅಂತ ಕೇಳಿ, ಗಾಳಿಗೆ ಪ್ಯಾನೆಲ್ ಒಳ್ಳೆ ಹಾಯಿಪಟದ ಹಾಗೆ ಎಳೆಯುತ್ತದೆ.

ಕೊಟೇಶನ್ ತರಿಸಿಕೊಂಡಾಗ ಒಬ್ಬರು ನಲವತ್ತು ಸಾವಿರ ಕಡಿಮೆ ಹೇಳಿದರು. ಯಾಕೆ ಅಂತ ಕೆದಕಿದರೆ ಅವರ ಪ್ಯಾನೆಲ್ ಡಿಸಿಆರ್ ಅಲ್ಲ. ಡಿಸಿಆರ್ ಅಂದರೆ ಒಳಗಿನ ಸೆಲ್ಲು, ಪ್ಯಾನೆಲ್ಲು ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು, ಆಗ ಮಾತ್ರ ಸಬ್ಸಿಡಿ. ಅಗ್ಗದ್ದನ್ನು ತೆಗೆದುಕೊಂಡು ₹78,000 ಕಳೆದುಕೊಳ್ಳುತ್ತಿದ್ದೆವು. ಈ ಒಂದು ಪದ ಕೊಟೇಶನ್‌ನಲ್ಲಿ ಬರೆದಿದೆಯಾ ಅಂತ ನೋಡಿ, ಬಾಯಿಮಾತಲ್ಲಿ ಬೇಡ.

ಕಾಗದಪತ್ರದ ಕಥೆ ಉದ್ದ, ತಪ್ಪು ನಮ್ಮದೇ. ಆರ್‌ಆರ್ ನಂಬರ್, ಅಂದರೆ ಕರೆಂಟ್ ಕನೆಕ್ಷನ್, ಇನ್ನೂ ತೀರಿಕೊಂಡ ಮಾವನವರ ಹೆಸರಲ್ಲಿತ್ತು. ಹೆಸರು ಬದಲಾಯಿಸಿಕೊಳ್ಳದೆ ಯಾವ ಅರ್ಜಿಯೂ ಮುಂದೆ ಹೋಗಲಿಲ್ಲ, ಎರಡು ತಿಂಗಳು ಅದಕ್ಕೇ ಹೋಯಿತು. ನೀವು ಸುಮ್ನೆ ಇವತ್ತೇ ಬಿಲ್ ತೆಗೆದು ಹೆಸರು ಯಾರದ್ದಿದೆ, ಮಂಜೂರಾದ ಲೋಡ್ (ನಿಮ್ಮ ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಬೆಸ್ಕಾಂ ಕೊಟ್ಟಿರುವುದು) ಎಷ್ಟಿದೆ ನೋಡಿಕೊಳ್ಳಿ. ನಮ್ಮದು ಮೂರು ಕಿಲೋವ್ಯಾಟ್ ಇತ್ತು, ಈ ಸೋಲಾರ್‌ಗೆ ಅಷ್ಟು ಸಾಕಾಯಿತು, ಬಚಾವಾದೆವು.

ಜನವರಿಯಲ್ಲಿ ಪ್ಯಾನೆಲ್ ಏರಿತು, ನೆಟ್ ಮೀಟರ್ ಬಂದದ್ದು ಫೆಬ್ರವರಿ ಕೊನೆಗೆ. ನಡುವೆ ಹಾಕಿದವರು ‘ಮೇಡಂ ಆನ್ ಮಾಡ್ಕೊಳ್ಳಿ, ಏನೂ ಆಗಲ್ಲ’ ಅಂದರು. ಮಾಡಲಿಲ್ಲ, ಪುಣ್ಯ. ಹಳೇ ಡಿಜಿಟಲ್ ಮೀಟರ್‌ಗಳಲ್ಲಿ ಕೆಲವಕ್ಕೆ ಕರೆಂಟ್ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ, ನಾವು ಹೊರಗೆ ಕೊಟ್ಟದ್ದನ್ನೂ ಬಳಸಿದ್ದು ಅಂತಲೇ ಎಣಿಸಿಬಿಡುತ್ತವೆ. ಕೊಟ್ಟ ಕರೆಂಟಿಗೆ ನಾವೇ ದುಡ್ಡು ಕಟ್ಟಬೇಕಾಗುತ್ತಿತ್ತು.

ಈಗ ಬಿಲ್ಲಿನ ವಿಷಯಕ್ಕೆ ಬರೋಣ. ಮೊದಲ ಬಿಲ್ ಬಂದಾಗ ಯಜಮಾನರು ಗಾಬರಿಯಾದರು. ಮೊಬೈಲ್ ಆ್ಯಪ್‌ನಲ್ಲಿ ಮಾರ್ಚ್ ತಿಂಗಳ ಉತ್ಪಾದನೆ 396 ಯೂನಿಟ್ ಅಂತಿದೆ, ಬಿಲ್ಲಲ್ಲಿ ಎಕ್ಸ್‌ಪೋರ್ಟ್ 262 ಅಂತಿದೆ. ‘134 ಯೂನಿಟ್ ಎಲ್ಲಿ ಹೋಯ್ತು, ನುಂಗಿಬಿಟ್ರಾ?’ ಯಾರೂ ನುಂಗಿಲ್ಲ. ಹಗಲು ಫ್ರಿಜ್ಜು, ಮೋಟಾರು, ಮಿಕ್ಸಿ, ನನ್ನ ಕಂಪ್ಯೂಟರು ತೆಗೆದುಕೊಂಡದ್ದು ಮೀಟರ್‌ವರೆಗೆ ಹೋಗುವುದೇ ಇಲ್ಲ, ಮನೆಯೊಳಗೇ ಖರ್ಚಾಗುತ್ತದೆ. ಮಿಕ್ಕಿದ್ದು ಮಾತ್ರ ಲೈನಿಗೆ. ರಾತ್ರಿ ಲೈನಿನಿಂದ ನಾವು ತೆಗೆದುಕೊಂಡದ್ದು 254. ಕಳೆದರೆ ಎಂಟು ಯೂನಿಟ್ ನಮಗೇ ಬಾಕಿ ಬರಬೇಕು! ಆದರೂ ಬಿಲ್ ₹360 ಚಿಲ್ಲರೆ. ಅದು ಫಿಕ್ಸೆಡ್ ಚಾರ್ಜ್. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಕಟ್ಟಲೇಬೇಕಾದ ದುಡ್ಡು.

ಜುಲೈನಲ್ಲಿ ಬೇರೆಯೇ ಕಥೆ. ಮೋಡ, ತುಂತುರು, 258 ಯೂನಿಟ್ ಅಷ್ಟೇ ಬಂತು, ಬಿಲ್ ₹900 ದಾಟಿತು. ಸೋಲಾರ್ ಇಲ್ಲದಿದ್ದರೆ ಅದೇ ತಿಂಗಳು ₹2,600 ಬರುತ್ತಿತ್ತು. ವರ್ಷ ಪೂರ್ತಿ ಕೂಡಿದರೆ ಸುಮಾರು 3,950 ಯೂನಿಟ್, ಉಳಿದದ್ದು ₹25,000 ಆಸುಪಾಸು. ಕೈಯಿಂದ ಹೋದದ್ದು ₹1,52,000, ಅಂದರೆ ದುಡ್ಡು ವಾಪಸ್ ಬರಲು ಆರು ವರ್ಷ. ಮಾರಲು ಬಂದವರು ‘ಮೂರೂವರೆ ವರ್ಷ ಮೇಡಂ’ ಅಂದಿದ್ದರು. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುವುದರಿಂದ ಆರು ವರ್ಷ ಏನೂ ಕೆಟ್ಟ ಲೆಕ್ಕವಲ್ಲ, ಆದರೆ ನಡುವೆ ಒಮ್ಮೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಬದಲಾಯಿಸಬೇಕಾಗಬಹುದು, ಅದರ ವಾರಂಟಿ ಅಷ್ಟು ಉದ್ದ ಇರುವುದಿಲ್ಲ.

ನನಗೆ ನಿಜವಾಗಿ ತಲೆ ಕೆಡಿಸಿದ್ದು ಇನ್ನೊಂದು. 2025ರ ಏಪ್ರಿಲ್‌ನಿಂದ ಯೂನಿಟ್ ದರ ₹5.90ರಿಂದ ₹5.80ಕ್ಕೆ ಇಳಿಯಿತು. ಒಳ್ಳೇದಾಯಿತು ಅಂದುಕೊಳ್ಳುವಷ್ಟರಲ್ಲಿ ಕರೆಂಟ್ ಕಂಪನಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು, ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್‌ಗೆ ₹120 ಇದ್ದದ್ದು ₹145 ಆಯಿತು. ನಮ್ಮ ಮೂರು ಕಿಲೋವ್ಯಾಟ್‌ಗೆ ಆ ವರ್ಷ ತಿಂಗಳಿಗೆ ₹435 ಬಿತ್ತು. ಸೋಲಾರ್ ಯೂನಿಟ್ಟನ್ನು ತಿನ್ನಬಲ್ಲದು, ಫಿಕ್ಸೆಡ್ ಚಾರ್ಜನ್ನು ಮುಟ್ಟಲಾರದು. ಮುಂದೆ ದರ ಏರಿಸುವಾಗ ಯೂನಿಟ್ ಮೇಲೆ ಏರಿಸಿದರೆ ನಮಗೆ ಲಾಭ ಜಾಸ್ತಿ, ಫಿಕ್ಸೆಡ್ ಮೇಲೆ ಏರಿಸುತ್ತಾ ಹೋದರೆ ನನ್ನ ಆರು ವರ್ಷದ ಲೆಕ್ಕ ಅಷ್ಟರಮಟ್ಟಿಗೆ ಜಾರುತ್ತದೆ. ಇದನ್ನು ಯಾವ ಸೇಲ್ಸ್‌ನವರೂ ಹೇಳಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ವಾಷಿಂಗ್ ಮೆಷಿನ್ ಬಿಸಿಲಲ್ಲೇ ಹಾಕಬೇಕು, ರಾತ್ರಿ ಹಾಕಿದರೆ ನಷ್ಟ ಅನ್ನುತ್ತಾರೆ. ನೆಟ್ ಮೀಟರ್ ಇರುವ ಮನೆಗೆ ಹಾಗೇನಿಲ್ಲ, ತಿಂಗಳ ಕೊನೆಗೆ ಕೊಟ್ಟದ್ದು ತೆಗೆದುಕೊಂಡದ್ದು ಕಳೆಯುತ್ತಾರೆ ಅಷ್ಟೇ. ಅತ್ತೆಗೆ ಹೇಳಿ ಸಾಕಾಯಿತು. ಮೋಡ ಮುಸುಕಿದರೆ ಈಗಲೂ ಗ್ರೈಂಡರ್ ನಿಲ್ಲಿಸಿ ಕಿಟಕಿಯಿಂದ ಆಕಾಶ ನೋಡುತ್ತಾರೆ. ಹಾಗಂತ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಬೆಸ್ಕಾಂಗೆ ಮಾರಿ ದುಡ್ಡು ಮಾಡುತ್ತೇನೆ ಅನ್ನಬೇಡಿ, ಮಿಕ್ಕ ಯೂನಿಟ್‌ಗೆ ನಮಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ.

ಕರೆಂಟ್ ಹೋದಾಗ? ಸೋಲಾರ್ ಕೂಡ ಹೋಗುತ್ತದೆ. ಹೌದು. ಮೇ ತಿಂಗಳ ಒಂದು ಮಧ್ಯಾಹ್ನ ಪವರ್ ಕಟ್, ಮೇಲೆ ಸುಡು ಬಿಸಿಲು, ಕೆಳಗೆ ಫ್ಯಾನ್ ನಿಂತಿದೆ. ‘ಎರಡು ಲಕ್ಷ ಹಾಕಿದ್ದೀರಿ, ಸೂರ್ಯ ಅಲ್ಲೇ ಇದ್ದಾನೆ, ಇದೆಂಥಾ ಸೋಲಾರ್ರೋ?’ ಅಂದರು ಅತ್ತೆ. ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೇ ಈ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಬ್ಯಾಟರಿ ಇರುವ ಹೈಬ್ರಿಡ್ ಬೇಕೆಂದರೆ ಖರ್ಚು ತುಂಬಾ ಏರುತ್ತದೆ. ನಮ್ಮ ಹಳೇ ಯುಪಿಎಸ್ ಹಾಗೇ ಇಟ್ಟುಕೊಂಡಿದ್ದೇವೆ.

ಈಗ ಹಾಕಿದವರ ವಿಷಯ. ಹೆಸರು ಹೇಳುವುದಿಲ್ಲ. ಕೆಲಸ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಹುಡುಗರು ಎರಡೇ ದಿನದಲ್ಲಿ ಮುಗಿಸಿದರು. ಆಗಸ್ಟ್‌ನಲ್ಲಿ ಉತ್ಪಾದನೆ ಜುಲೈಗಿಂತಲೂ ಬಿತ್ತು. ಫೋನ್ ಮಾಡಿದರೆ ‘ಮೋಡ ಮೇಡಂ’. ಮತ್ತೆ ಮಾಡಿದರೆ ‘ಮಳೆಗಾಲ ಅಲ್ವಾ ಮೇಡಂ’. ಮೂರು ವಾರ ಇದೇ. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಒಳ್ಳೆ ಬಿಸಿಲು, ಬಟ್ಟೆ ಹಾಕಲು ಹೋದಾಗ ಇನ್ವರ್ಟರ್ ನೋಡುತ್ತೇನೆ, ಕೆಂಪು ದೀಪ. ಹನ್ನೊಂದಕ್ಕೆ ಹೋದರೆ ಹಸಿರು! ನಾಲ್ಕು ದಿನ ಬರೆದಿಟ್ಟೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಕೆಂಪು, ಬರದಿದ್ದರೆ ಇಲ್ಲ. ಫೋಟೋ ಕಳಿಸಿದ ಮೇಲೆ ಒಬ್ಬ ಹುಡುಗ ಬಂದ. ಎರಡು ಪ್ಯಾನೆಲ್ ಸೇರಿಸುವ ವೈರಿನ ಕನೆಕ್ಟರ್‌ಗೆ ಟೈ ಹಾಕದೆ ಬಿಟ್ಟಿದ್ದರು, ಅದು ಜೋತು ಬಿದ್ದು ಕಂಬಿಯ ಸಂದಿಯಲ್ಲಿ ನಿಂತ ನೀರಿನಲ್ಲಿ ಮುಳುಗಿತ್ತು. ನೀರು ಆರುವವರೆಗೆ ಇನ್ವರ್ಟರ್ ಶುರುವಾಗುವುದಿಲ್ಲ. ಹುಡುಗ ಕನೆಕ್ಟರ್ ಬದಲಾಯಿಸಿ ಮೇಲೆ ಕಟ್ಟಿದ, ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಅರ್ಧ ತಿಂಗಳ ಬೆಳಗಿನ ಬಿಸಿಲು ಹೋಗಿತ್ತು. ಮೋಡವಂತೆ ಮೋಡ.

ತೊಳೆಯುವುದಕ್ಕೂ ಅವರನ್ನು ಕಾಯಬೇಡಿ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಗ್ರಾನೈಟ್ ಕೊಯ್ದ ಪುಡಿಯೆಲ್ಲ ನಮ್ಮ ಪ್ಯಾನೆಲ್ ಮೇಲೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರುವ ಮೊದಲು ಉದ್ದ ಕೋಲಿನ ಮಾಪ್ ಹಿಡಿದು ಏಣಿ ಹತ್ತುತ್ತೇನೆ. ಕಾದ ಗಾಜಿಗೆ ತಣ್ಣೀರು ಹಾಕಬಾರದು. ಬೋರ್ ನೀರೂ ಬೇಡ, ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ. ಒಂದು ಬಕೆಟ್ ಕಾವೇರಿ ನೀರು ಸಾಕು.

ಅಂದಹಾಗೆ ಆ ಪಕ್ಕದ ಮನೆಗೆ ಮೂರನೇ ಮಹಡಿ ಏಳುವಂತೆ ಕಾಣುತ್ತಿದೆ. ಎದ್ದರೆ ಮೂರೂವರೆ ಗಂಟೆಯಿಂದಾಚೆ ಎರಡು ಪ್ಯಾನೆಲ್ ಮೇಲೆ ನೆರಳು ಖಂಡಿತ, ಆರನ್ನೂ ಒಂದಕ್ಕೊಂದು ವೈರಿನಿಂದ ಒಂದೇ ಸರಪಳಿಯಾಗಿ ಜೋಡಿಸಿರುವುದರಿಂದ ಎರಡರ ಮೇಲಿನ ನೆರಳು ಆರಕ್ಕೂ ಏಟು ಕೊಡಬಹುದು. ನಿಮ್ಮ ಪಶ್ಚಿಮಕ್ಕೆ ಖಾಲಿ ಸೈಟಿದ್ದರೆ ಇದನ್ನೂ ಯೋಚಿಸಿಕೊಂಡೇ ಜಾಗ ಆರಿಸಿ. ನಾವು ಯೋಚಿಸಲಿಲ್ಲ.

ಪ್ಯಾನೆಲ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹಾಕಿದವರಿಗೆ ಎರಡು, ಅದೂ ಆ ಕನೆಕ್ಟರ್ ಹುಡುಗನ ಮುಖ ನೋಡಿ. ಮೊನ್ನೆ ಆಫೀಸಿನಿಂದ ಫೋನ್ ಬಂತು, ‘ಮೇಡಂ ಗೂಗಲ್‌ನಲ್ಲಿ ಫೈವ್ ಸ್ಟಾರ್ ಕೊಡಿ, ಒಂದು ಕ್ಲೀನಿಂಗ್ ಫ್ರೀ ಮಾಡಿಕೊಡುತ್ತೇವೆ’ ಅಂತ. ಮೊದಲ ವರ್ಷ ಎರಡು ಸರ್ವೀಸ್ ಫ್ರೀ ಅಂತ ಬರೆದುಕೊಟ್ಟಿದ್ದೀರಲ್ಲ, ಎರಡನೆಯದೇ ಇನ್ನೂ ಬಂದಿಲ್ಲ ಅಂದೆ. ಬುಧವಾರ ಕಳಿಸುತ್ತೇವೆ ಅಂದರು. ಯಾವ ಬುಧವಾರ ಅಂತ ಹೇಳಲಿಲ್ಲ.