ಸೋಲಾರಿಸ್ ಡಿಸ್ಕ್ ಲೇಬಲ್ ಕೆಟ್ಟರೆ ಯಾವ ದಾರಿ?

ಸೋಲಾರಿಸ್ ಆಪರೇಟಿಂಗ್ ಸಿಸ್ಟಂ ಓಡುವ ಸನ್ ಸ್ಪಾರ್ಕ್ ವರ್ಕ್‌ಸ್ಟೇಷನ್‌ನಲ್ಲಿ ‘ಕರಪ್ಟ್ ಲೇಬಲ್, ರಾಂಗ್ ಮ್ಯಾಜಿಕ್ ನಂಬರ್’ ಅಂತ ಬಂತಾ? ಗಾಬರಿ ಬೇಡ. ಎಷ್ಟೋ ಸಲ ಕೆಟ್ಟಿರುವುದು ಡಿಸ್ಕ್‌ನ ಮೊದಲ 512 ಬೈಟ್, ಅಂದರೆ ‘ಲೇಬಲ್’ ಮಾತ್ರ. ಯಾವ ಸ್ಲೈಸ್ (ಡಿಸ್ಕ್‌ನ ಭಾಗ) ಎಲ್ಲಿ ಶುರು, ಎಷ್ಟು ದೊಡ್ಡದು ಅನ್ನೋ ಲೆಕ್ಕ ಅಲ್ಲಿರುತ್ತದೆ. ಅದರ ಕೊನೆಯಲ್ಲಿ ‘ಡಿಎಬಿಇ’ ಅನ್ನೋ ಹೆಕ್ಸ್ ಗುರುತು ಇಲ್ಲದಿದ್ದರೆ ಸೋಲಾರಿಸ್ ಲೇಬಲ್ ಅನ್ನು ನಂಬುವುದೇ ಇಲ್ಲ. ಮೊದಲು ಡಿಸ್ಕ್ ಜೋಡಿಸುವ ಸ್ಕಸಿ ಕೇಬಲ್, ಅದರ ತುದಿಯ ಟರ್ಮಿನೇಟರ್ ಸರಿಯಿದೆಯಾ ನೋಡಿ.

ಒಂದು ದಾರಿ, ‘ಫಾರ್ಮ್ಯಾಟ್’ ಅನ್ನೋ ಡಿಸ್ಕ್ ಟೂಲ್ ಒಳಗಿನ ‘ಬ್ಯಾಕಪ್’ ಕಮಾಂಡ್. ಡಿಸ್ಕ್‌ನ ಕೊನೆಯ ಸಿಲಿಂಡರ್‌ನಲ್ಲಿ (ಟ್ರ್ಯಾಕ್‌ಗಳ ಗುಂಪು) ಲೇಬಲ್‌ನ ನಕಲುಗಳಿರುತ್ತವೆ. ಸಿಡಿಯಿಂದ ಬೂಟ್ ಮಾಡಿ, ಡಿಸ್ಕ್ ಆರಿಸಿ, ಈ ಕಮಾಂಡ್ ಕೊಟ್ಟರೆ ಅದು ನಕಲನ್ನು ಹುಡುಕಿ ಮೊದಲ ಜಾಗಕ್ಕೆ ಬರೆಯುತ್ತದೆ. ಮುಂಚೆ ಏನೂ ಸಿದ್ಧ ಮಾಡಿಟ್ಟಿರಬೇಕಿಲ್ಲ. ಡಿಸ್ಕ್ ಟೈಪ್ ಕೇಳಿದರೆ ಮಾತ್ರ ಸರಿಯಾದದ್ದನ್ನೇ ಕೊಡಿ, ತಪ್ಪಿದರೆ ಕೊನೆಯ ಸಿಲಿಂಡರ್ ಎಲ್ಲಿ ಅಂತಲೇ ಅದಕ್ಕೆ ತಿಳಿಯದು.

ಇನ್ನೊಂದು, ‘ಎಫ್‌ಎಂಟಿಹಾರ್ಡ್’, ಫೈಲ್‌ನಲ್ಲಿರುವ ಸ್ಲೈಸ್ ಲೆಕ್ಕವನ್ನು ಲೇಬಲ್‌ಗೆ ಬರೆಯುವ ಕಮಾಂಡ್. ಹಿಂದೆ ಸ್ಲೈಸ್ ಲೆಕ್ಕ ತೋರಿಸುವ ‘ಪಿಆರ್‌ಟಿವಿಟಿಒಸಿ’ಯಿಂದ ತೆಗೆದಿಟ್ಟ ಫೈಲ್ ಬೇಕು, ಅದೂ ಬೇರೆ ಡಿಸ್ಕ್‌ನಲ್ಲಿ. ಜೊತೆಗೆ ಮೊದಲು ಫಾರ್ಮ್ಯಾಟ್‌ನಲ್ಲಿ ಒಂದು ಲೇಬಲ್ ಹಾಕಲೇಬೇಕು.

ನನ್ನ ಆಯ್ಕೆ: ಮೊದಲು ಬ್ಯಾಕಪ್. ನಕಲೂ ಹೋಗಿದ್ದರೆ ಎಫ್‌ಎಂಟಿಹಾರ್ಡ್. ಡೀಫಾಲ್ಟ್ ಸ್ಲೈಸ್‌ಗಳ ಹೊಸ ಲೇಬಲ್ ಹಾಕಿ ಸುಮ್ನೆ ಬಿಟ್ಟುಬಿಡಬೇಡಿ. ಹೊಸ ಖಾಲಿ ಫೈಲ್ ಸಿಸ್ಟಂ ಮಾಡುವ ‘ನ್ಯೂಎಫ್‌ಎಸ್’ ಅಂತೂ ಬೇಡವೇ ಬೇಡ. ಯಾವ ದಾರಿಯಾದರೂ ಆಮೇಲೆ ಫೈಲ್ ಸಿಸ್ಟಂ ಪರೀಕ್ಷಿಸುವ ‘ಎಫ್‌ಎಸ್‌ಸಿಕೆ ಮೈನಸ್ ಎನ್’ ಓಡಿಸಿ. ಅದು ಏನನ್ನೂ ಬರೆಯದೆ ನೋಡಿ ಹೇಳುತ್ತದೆ.