ಗಾಡಿಯವ, ಮೋಡ್ಕಾ (ಗುಜರಿ) ಅಂಗಡಿ, ಭಾಂಡೆ (ಪಾತ್ರೆ) ಅಂಗಡಿ: ಹಳೇ ಸಾಮಾನ ಎಲ್ಲಿ ಕೊಟ್ರ ಎಷ್ಟು ಬಂತು

ದೀಪಾವಳಿ ಮುಂದ ಹುಬ್ಬಳ್ಳಿ ಉಣಕಲ್‌ದಾಗಿನ ಮನಿಗೆ ಬಣ್ಣ ಹಚ್ಚಸೂದಿತ್ತು, ಅದಕ್ಕ ಅಟ್ಟದ ಮ್ಯಾಲಿಂದೆಲ್ಲಾ ಕೆಳಗ ಇಳಿಸಿದ್ವಿ. ಜಂಗ್ ಹಿಡದ ಟ್ರಂಕು, ಕೂಲರ್ ತಗಡು, ಎರಡು ಹಳೇ ಕುಕ್ಕರ್, ಸುಟ್ಟ ಪಂಪಿನ ಮೋಟಾರ್, ವೈರಿಂಗ್ ಬದಲಿಸಿದಾಗ ಉಳದ ವೈರು, ಅವ್ವನ ತವರಮನಿ ಹಿತ್ತಾಳಿ ಕೊಡ (ತಳ ಸೀಳೇತಿ). ಈ ಸಲ ಮೂರೂ ಕಡೆ ರೇಟ್ ಕೇಳೇ ಕೊಡೂದು ಅಂತ ಹಟ ಮಾಡಿದೆ.

ಮೊದಲ ಓಣ್ಯಾಗ ಬರೋ ಗಾಡಿಯವ. ಕಬ್ಬಣ ಕೆಜಿಗೆ 22 ಅಂದ. ಕೊಕ್ಕಿ ಕಾಟಾದಾಗ ತೂಗಿದ್ರ ಎಲ್ಲಾ ಸೇರಿ 11 ಕೆಜಿ ಚಿಲ್ಲರ, ನಾ ಮನ್ಯಾಗ ಲಗೇಜ್ ತೂಗೋ ಕಾಟಾದಾಗ ನೋಡಿದಾಗ 14 ಇತ್ತು. ಒಳಗ ಹೋಗಿ ಎರಡು ಲೀಟರ್ ಬಾಟ್ಲಿ ತುಂಬ ನೀರು ತಂದು ಅವನ ಕೊಕ್ಕಿಗೆ ಹಾಕಿದೆ. ನೀರು ಲೀಟರಿಗೆ ಒಂದು ಕೆಜಿ, ಇದಕ್ಕ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಮುಳ್ಳು 1.6ಕ್ಕ ನಿಂತ್ತು. "ಸ್ಪ್ರಿಂಗ್ ಸಡಲ ಆಗೇತ್ರಿ ಅಣ್ಣಾ" ಅಂದ. ಸ್ಪ್ರಿಂಗ್ ಸಡಲಾದ್ರ ಜಾಸ್ತಿ ಜಗ್ಗಿ ತೂಕ ಹೆಚ್ಚ ತೋರಸಬೇಕಲ್ಲೋ ಮಾರಾಯಾ, ಅಂದೆ. ನಕ್ಕೋತ ಗಾಡಿ ದೂಡಿಕೊಂಡು ಹೋದ.

ಆಮ್ಯಾಲೆ ಆಟೋಕ್ಕ 150 ಕೊಟ್ಟು ಅವ್ವನ್ನ ಕರಕೊಂಡು ಗೋಕುಲ್ ರೋಡ್ ಕಡಿ ಮೋಡ್ಕಾ ಅಂಗಡಿಗೆ ಹೋದೆ. ಎಲೆಕ್ಟ್ರಾನಿಕ್ ಕಾಟಾ, ನೀರಿನ ಬಾಟ್ಲಿ ಅಲ್ಲೂ ಇಟ್ಟೆ, ಸರಿ ತೋರಿಸ್ತು. ಕಬ್ಬಣಕ್ಕ 28, 14 ಕೆಜಿಗೆ 392. ಆಟೋ ಕಳದ್ರ 242. ಗಾಡಿಯವನ ಕಳ್ಳ ತೂಕದಾಗ ಎಷ್ಟಾಗತಿತ್ತು? 246! ಬರೀ ಕಬ್ಬಣ ಇದ್ರ ಮನಿ ಬಾಗಲದಾಗ ಕೊಡೂದ ಚೊಲೊ ನೋಡ್ರಿ, ಮೋಸ ಅಂತ ಗೊತ್ತಿದ್ದೂ.

ಮಜಾ ಇರೋದು ಉಳದ ಲೋಹದಾಗ. ಕುಕ್ಕರ್ ಜರ್ಮನ್ ಅಂದ್ರ ಅಲ್ಯೂಮಿನಿಯಂ. ಹಿಡಿಕಿ ಸಮೇತ ಹಂಗ ಕೊಟ್ರ 90, ಬಿಚ್ಚಿ ಕೊಟ್ರ 130 ಅಂದ್ರು. ಎರಡೂ ಸೇರಿ 2.6 ಕೆಜಿ ಇದ್ದವು. ಅಲ್ಲೇ ಸ್ಕ್ರೂಡ್ರೈವರ್ ಇಸ್ಕೊಂಡು ಹಿಡಿಕಿ, ಗ್ಯಾಸ್ಕೆಟ್, ಸೀಟಿ ಎಲ್ಲಾ ತಗದೆ, 2.2 ಉಳೀತು. 234 ಬರೋದು 286 ಆತು, ಹತ್ತ ನಿಮಿಷದ ಕೆಲಸ.

ವೈರಿನ್ಯಾಗ ದಪ್ಪಂದು ಅಷ್ಟ ಬ್ಲೇಡ್‌ಲೆ ಸುಲದಿದ್ದೆ, ಸಣ್ಣದು ಕವರ್ ಸಮೇತ ಕೊಟ್ಟೆ. ದಯವಿಟ್ಟು ಸುಡಬ್ಯಾಡ್ರಿ, ಪಿವಿಸಿ ಹೊಗಿ ವಿಷ, ಮ್ಯಾಲ ಸುಟ್ಟ ತಾಮ್ರ ಕರ್ರಗಾಗಿ ರೇಟೂ ಬೀಳತೈತಿ. ಮೋಟಾರ್ ಬಗ್ಗೆ ನನಗ ಭಾಳ ಆಸೆ ಇತ್ತು, ವೈಂಡಿಂಗ್ ತಾಮ್ರದ ಬಣ್ಣಾನ ಹೊಳೀತಿತ್ತು. ಅಂಗಡಿ ಹುಡುಗ ಒಂದು ಎಳಿ ಹಿರದು ಚಾಕೂಲೆ ಕೆರದ. ಮ್ಯಾಲ ಬಣ್ಣದ ವಾರ್ನಿಷ್, ಒಳಗ ಬೆಳ್ಳಗ! ಅಲ್ಯೂಮಿನಿಯಂ ವೈಂಡಿಂಗ್ ಅಂತ. ಮ್ಯಾಗ್ನೆಟ್ ಹಿಡದು ನೋಡೂದು ಇಲ್ಲಿ ಉಪಯೋಗಿಲ್ಲ, ತಾಮ್ರಕ್ಕೂ ಹತ್ತಂಗಿಲ್ಲ, ಅಲ್ಯೂಮಿನಿಯಂಗೂ ಹತ್ತಂಗಿಲ್ಲ. ಕೆರದ ನೋಡಬೇಕು. ಇನ್ವರ್ಟರ್ ಬ್ಯಾಟ್ರಿ ಮಾತ್ರ ಮೂವರಿಗೂ ಕೊಡಲಿಲ್ಲ, ಹೊಸಾದು ತಗೊಂಡಲ್ಲೇ ಎಕ್ಸ್‌ಚೇಂಜ್ ಮಾಡಿದೆ, ಸೀಸ-ಆಸಿಡ್ ಗಟಾರಕ್ಕ ಹೋಗೂದು ಬ್ಯಾಡ.

ಇನ್ನ ಕೊಡ. ಮೋಡ್ಕಾದಾಗ ಹಿತ್ತಾಳಿ 420, 3.4 ಕೆಜಿಗೆ 1428 ನಗದ ಕೊಡತೀವಿ ಅಂದ್ರು. ದುರ್ಗದಬೈಲ್ ಕಡಿ ಒಂದು ಭಾಂಡೆ ಅಂಗಡ್ಯಾಗ ರೇಟ್ 450, ಕೇಳಾಕ ಚೊಲೊ ಅನ್ನಸ್ತೈತಿ, ಆದ್ರ ಬೆಸಿಗಿ ಹೊಲಸು ಅಂತ ನೂರಕ್ಕ ಹತ್ತು ತೂಕ ಕಳೀತಾರ, 3.06ಕ್ಕ ಲೆಕ್ಕ, 1377. ಅದೂ ನಗದಲ್ಲ, ಬದಲಿ ಸಾಮಾನ ತಗೋಬೇಕು, ಅದರ ಮ್ಯಾಲ ಮಜೂರಿ ಬ್ಯಾರೆ. ನನ್ನ ಲೆಕ್ಕದಾಗ ಮೋಡ್ಕಾನ ಗೆದ್ದಿತ್ತು.

ಆದ್ರ ನಾವು ಮೋಡ್ಕಾದಾಗ ನಿಂತಾಗ ಯಾರದೋ ಒಂದು ಹಂಡೆ ಬಂತು, ಹುಡುಗ ಜಾಗ ಉಳೀಲಿ ಅಂತ ಸುತಗಿಲೆ ನಾಕ ಏಟು ಹಾಕಿ ಜಜ್ಜಿ ಚಪ್ಪಟಿ ಮಾಡಿ ಒಗದ. ಅವ್ವ ತನ್ನ ಕೊಡದ ಕಂಠದ ಮ್ಯಾಲ ಕೊರಸಿದ್ದ ಅಪ್ಪನ ಹೆಸರ ಮ್ಯಾಲ ಸೆರಗ ಮುಚ್ಚಿ, "ನಡಿಯಪಾ, ಭಾಂಡೆ ಅಂಗಡಿಗೇ ಕೊಡೂಣು" ಅಂದ್ಲು. ಅವರೂ ಕರಗಸಾಕ ಕಳಸ್ತಾರವ್ವಾ ಅಂದೆ. "ಕಳಸ್ಲಿ, ನನ್ನ ಮುಂದ ಬ್ಯಾಡ" ಅಂದ್ಲು. 51 ರೂಪಾಯಿ ಕಮ್ಮಿ ತಗೊಂಡು ಒಂದು ತಂಬಿಗಿ ಹಿಡಕೊಂಡು ಬಂದ್ವಿ. ಅದರ ಮ್ಯಾಲೂ ಹೆಸರು ಕೊರಸಿಕೊಂಡಾಳ.